ಕುರಿ ಮಾರಿದರು, ನಾಯಿ ಉಳಿಯಿತು

ಕಾಕಾ ತೀರಿಕೊಂಡ ಹದಿನೈದು ದಿನಕ್ಕೆ ಕುರಿಗಳ ಲೆಕ್ಕ ಮುಗಿದಿತ್ತು. ಅರ್ಧ ಅಮೀನಗಡದ ಸಂತೆಗೆ ಹೋದವು, ಉಳಿದರ್ಧವನ್ನು ಪಕ್ಕದ ಊರಿನ ಕುರಿಗಾರರೊಬ್ಬರು ಕೊಂಡರು. ಬಲೆ, ಕಂಬಳಿ, ಕೊಡಲಿ, ಕಾಕಾನ ಹಳೇ ಮೊಬೈಲು ಎಲ್ಲಕ್ಕೂ ಯಾರೋ ಒಬ್ಬರು ಸಿಕ್ಕರು. ಕರಿಯಾನನ್ನು ಮಾತ್ರ ಯಾರೂ ಕೇಳಲಿಲ್ಲ.

ಕರಿಯಾ ಅಂದರೆ ನಾಯಿ. ಅಪ್ಪಟ ಮುಧೋಳ ಅಂತ ಕಾಕಾ ಹೇಳ್ತಿದ್ದ, ಕಿವಿ ನೋಡಿದರೆ ನನಗಂತೂ ಅರ್ಧ ಮುಧೋಳ ಅನ್ನಿಸ್ತಿತ್ತು. ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಅಂತ ಸುತ್ತ ಬಲೆ ಕಟ್ಟಿ ಒಳಗೆ ಕುರಿ ತರುಬಿದಾಗ ರಾತ್ರಿಯಿಡೀ ಬಲೆಯ ಸುತ್ತ ತಿರುಗ್ತಿತ್ತು, ತೋಳ ಬಂದರೆ ಕಾಕಾನಿಗಿಂತ ಮೊದಲು ಅದಕ್ಕೆ ಗೊತ್ತಾಗ್ತಿತ್ತು.

ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಬೆಂಗಳೂರಿಗೆ ತಂದೆ. ಎರಡನೇ ಮಹಡಿಯ ಮನೆ. ಅಂಗಡಿಯ ನಾಯಿ ತಿಂಡಿ ಮೂಸಿಯೂ ನೋಡಲಿಲ್ಲ, ರೊಟ್ಟಿ ಹಾಲಲ್ಲಿ ನೆನೆಸಿ ಕೊಟ್ಟರೆ ಅರ್ಧ ತಿಂತಿತ್ತು. ರಾತ್ರಿ ಬಾಗಿಲು ಕೆರೆದು ಕೆಳಗಿಳಿದು ಪಾರ್ಕಿಂಗಿನ ಸ್ಕೂಟರುಗಳ ಸುತ್ತ ಬೆಳಗಿನ ತನಕ ಸುತ್ತು ಹಾಕೋದು, ನೈಟ್ ಶಿಫ್ಟ್ ಮುಗಿಸಿ ಬಂದವರನ್ನು ಒಳಗೇ ಬಿಡದಿರೋದು. ಪಾಪ, ಒಡೆಯನ ನೆನಪು ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. 1925ರಲ್ಲಿ ಒಡೆಯ ಸತ್ತ ಮೇಲೂ 1935ರವರೆಗೆ ಶಿಬುಯಾ ಸ್ಟೇಷನ್ನಿನಲ್ಲಿ ಕಾದ ಜಪಾನಿನ ಹಾಚಿಕೋ ಕತೆ ಎಲ್ಲರ ತಲೆಯಲ್ಲೂ ಇರುತ್ತಲ್ವಾ? ಕಾಕಾನ ಅಂಗಿ ಮೂಸಿಸಿದೆ. ಮೂಸಿ, ಬಾಗಿಲ ಕಡೆಗೇ ಹೋಯಿತು.

ಬಕ್ರೀದ್‌ಗೆ ಮುಂಚೆ ರಸ್ತೆ ಬದಿ ಕುರಿ ಕಟ್ಟಿ ಮಾರ್ತಾರಲ್ಲ, ಅಲ್ಲಿ ಹಗ್ಗ ಕಿತ್ತುಕೊಂಡು ಹೋಗಿ ಕುರಿಗಳ ಪಕ್ಕ ಮಲಗಿ ನಿದ್ದೆ ಹೊಡೆಯಿತು. ಮಾರುವವರು ನಮ್ಮ ಕಡೆಯವರೇ. “ಇದು ಕುರಿ ಕಾಯೋ ನಾಯಿ ಅಲ್ಲೇನ್ರೀ? ಇಲ್ಯಾಕ ತಂದೀರಿ?” ಅಂದರು.

ಬ್ರಿಟನ್ನಿನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳ ಹೊಣೆ ಅವನ್ನು ತರಬೇತು ಮಾಡಿದ ಸಂಸ್ಥೆಯದು. ಒಡೆಯ ಸತ್ತರೆ, ನಾಯಿಗೆ ಇನ್ನೂ ವಯಸ್ಸಿದ್ದರೆ ಬೇರೊಬ್ಬರ ಜೊತೆ ಕೆಲಸಕ್ಕೆ ಹೋಗಬಹುದು. ನಮ್ಮ ಸೈನ್ಯದಲ್ಲಿ ಸುಮಾರು 2015ರವರೆಗೂ ಕೆಲಸ ಮುಗಿದ ನಾಯಿಗಳನ್ನು ಕೊಲ್ಲುತ್ತಿದ್ದರು, ವಿಷಯ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ದತ್ತು ಕೊಡೋದು ಬಂತು. ಕುರಿಗಾರನ ನಾಯಿಗೆ ಕೋರ್ಟೂ ಇಲ್ಲ, ಕಾಗದವೂ ಇಲ್ಲ. ಕುರಿ ಮಾರುವ ದಿನವೇ ನಾಯಿಯ ಮಾತೂ ಆಡಬೇಕಿತ್ತು, ನಾವು ಆಡಲಿಲ್ಲ.

ಅರ್ಧ ಹಿಂಡು ಕೊಂಡವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ, “ಕುರಿ ಕಚ್ಚಿದ್ದು ಐತೇನು?” ಇಲ್ಲ ಅಂದೆ. ಎಂಟು ದಿನ ಕರಿಯಾನನ್ನು ಕುರಿದಡ್ಡಿಯ ಹತ್ತಿರವೇ ಕಟ್ಟಿ, ಬೇರೆ ಯಾರಿಗೂ ಬಿಡದೆ ತಾವೇ ಊಟ ಹಾಕಿದರು, ಆಮೇಲೆ ಬಿಟ್ಟರು.

ಮೊನ್ನೆ ಚಿಗವ್ವನಿಗೆ ಫೋನ್ ಮಾಡಿ ತಕರಾರು ಹೇಳಿದರಂತೆ. “ನಿಮ್ಮ ನಾಯಿ ನಮ್ಮ ಕುರಿ ಕಡೆ ಹೊಳ್ಳಿ ಸುದ್ದಾ ನೋಡವಲ್ದು, ನಿಮ್ಮವು ಎಲ್ಲಿರ್ತಾವೋ ಅಲ್ಲೇ ಮಲಗ್ತೈತಿ.”