ಕಲಬುರಗಿಯಿಂದ ಬೀದರ್‌ಗೆ: ಒಂದು ಹಳೇ ವ್ಯಾಗನ್, ಒಂದು ಟಾಪ್ ತೆಗೆಯುವ ಗಾಡಿ

ಹುಮನಾಬಾದ್ ಮೇಲೆ ಹೋದರೆ ಕಲಬುರಗಿಯಿಂದ ಬೀದರ್ ಸುಮಾರು 110 ಕಿ.ಮೀ. ಫೆಬ್ರವರಿ ಕೊನೆಯಲ್ಲಿ ನಾವು ಏಳು ಜನ ಎರಡು ಗಾಡಿಯಲ್ಲಿ ಹೋಗಿಬಂದೆವು. ಒಂದು ನಮ್ಮ ಹಳೇ ಸ್ಟೇಷನ್ ವ್ಯಾಗನ್. ಇನ್ನೊಂದು ಬೆಂಗಳೂರಿನಿಂದ ಅಕ್ಕ, ಮಾಮಾ ತಂದ ಹೊಸ ಕನ್ವರ್ಟಿಬಲ್. ಎರಡೇ ಬಾಗಿಲು, ನಾಲ್ಕು ಸೀಟು, ಮೇಲೆ ಮಡಚುವ ಕ್ಯಾನ್ವಾಸ್ ಟಾಪ್.

ಈಗಿನ ಹುಡುಗರು ವ್ಯಾಗನ್ ನೋಡಿರುವುದೇ ಕಡಿಮೆ. ಕಾರಿನ ಟಾಪನ್ನು ಡಿಕ್ಕಿಯ ತುದಿವರೆಗೂ ಎಳೆದಂತೆ ಇರುತ್ತದೆ. ಟಾಟಾ ಎಸ್ಟೇಟ್, ಬಲೆನೊ ಆಲ್ಟುರಾ, ಇಂಡಿಗೊ ಮರೀನಾ ಎಲ್ಲ ಬಂದವು, ಹೆಚ್ಚು ಜನ ಕೊಳ್ಳಲಿಲ್ಲ, ಹೋದವು. ನಮ್ಮದನ್ನು ತಂದ ದಿನ "ಆಂಬುಲೆನ್ಸ್ ಇದ್ದಂಗ ಅದಲ್ಲೋ" ಅಂತ ಓಣಿಯವರು ನಕ್ಕಿದ್ದರು.

ಬೆಳಿಗ್ಗೆ ಐದೂವರೆಗೆ ಹೊರಟೆವು. ಊರು ದಾಟಿದ್ದೇ ಮಾಮಾ ಟಾಪ್ ಮಡಚಿದರು. ಮಕ್ಕಳಿಬ್ಬರೂ ಅದರಲ್ಲೇ ಹತ್ತಿದರು. ಕಮಲಾಪುರದವರೆಗೆ ತಂಪು ಗಾಳಿ, ಎರಡೂ ಕಡೆ ಕರಿ ಮಣ್ಣಿನ ಹೊಲ. ಆ ಒಂದು ಗಂಟೆ ನನಗೂ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ಮುಂದೆ ಏರು. ನಮ್ಮ ಗಾಡಿಯ ಹೀಟ್ ಮುಳ್ಳು ಮೇಲೆ ಹೋಗತೊಡಗಿತು. ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ನೋಡಿದರೆ ಹಳೇ ಹೋಸ್ ಪೈಪ್ ಜಿನುಗುತ್ತಿತ್ತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕೈ, ಮುಖ ಸುಟ್ಟೀತು. ಹಳೇ ಗಾಡಿ ಒಯ್ಯುವವರು ಹಿಂದಿನ ದಿನವೇ ಹೋಸ್, ಬೆಲ್ಟ್, ಕೂಲಂಟ್ ನೋಡಿಸಿ. 15 ವರ್ಷ ದಾಟಿದ್ದರೆ ಆರ್‌ಸಿ ರಿನ್ಯೂ ಆಗಿದೆಯಾ ಅದನ್ನೂ ನೋಡಿಕೊಳ್ಳಿ.

ಹುಮನಾಬಾದ್‌ನಲ್ಲಿ ಮಾಣಿಕಪ್ರಭು ದರ್ಶನ ಮುಗಿಸುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿಂದ ಅವ್ವನನ್ನು ಕನ್ವರ್ಟಿಬಲ್‌ನಲ್ಲಿ ಕೂರಿಸಿದ್ದು ನಮ್ಮ ತಪ್ಪು. ಮುಂದಿನ ಸೀಟು ಬಗ್ಗಿಸಿ ಹಿಂದೆ ನುಸುಳಬೇಕು, ಮಂಡಿನೋವಿನವರಿಗೆ ಅದು ಆಗುವ ಮಾತಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ರವದಿ (ಕಬ್ಬಿನ ಒಣ ಎಲೆ), ಧೂಳು ಎಲ್ಲಾ ಮೈಮೇಲೆ. "ಸೆರಗು ಹಿಡೀಲೋ, ಕಂಬಿ ಹಿಡೀಲೋ ಹೇಳ್ರಿ ಅಳಿಯಂದ್ರ" ಅಂದರು ಅವ್ವ. ಟಾಪ್ ಹಾಕಿದರು. 80 ದಾಟಿದರೆ ಕ್ಯಾನ್ವಾಸ್ ಪಟಪಟ ಬಡಿಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲವಂತೆ. ಹತ್ತು ಕಿ.ಮೀ. ಆಗುವಷ್ಟರಲ್ಲಿ ಅವ್ವ ವಾಪಸ್ ವ್ಯಾಗನ್‌ಗೆ ಬಂದರು.

ಬೀದರ್‌ನಲ್ಲಿ ಕೋಟೆ ಮತ್ತು ಮಹಮೂದ್ ಗವಾನನ 1472ರ ಮದರಸಾ ಹತ್ತಿರ ಹತ್ತಿರವೇ ಇವೆ. ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಿಬಿಡಿ. ಕೋಟೆ ದೊಡ್ಡದು, ಕಾಲಿಗೆ ಒಳ್ಳೇ ಚಪ್ಪಲಿ ಇರಲಿ. ಕ್ಯಾನ್ವಾಸ್ ಗಾಡಿಯವರಿಗೆ ಇನ್ನೊಂದು ಮಾತು: ಹಿಂದಿನ ಕಿಟಕಿಗೆ ಜಿಪ್ ಮಾತ್ರ, ಬೀಗ ಹಾಕಿದರೂ ಒಳಗಿನ ಸಾಮಾನಿಗೆ ಭದ್ರವಿಲ್ಲ. ನಾವು ಕ್ಯಾಮೆರಾ, ಬ್ಯಾಗು ಎಲ್ಲ ವ್ಯಾಗನ್ ಡಿಕ್ಕಿಯಲ್ಲಿಟ್ಟೆವು. ರೊಟ್ಟಿ ಬುಟ್ಟಿ, 20 ಲೀಟರ್ ನೀರಿನ ಕ್ಯಾನ್, ಚಾಪೆ ಆಗಲೇ ಅಲ್ಲಿದ್ದವು. ನರಸಿಂಹ ಝರಣಾದ ಗುಹೆ ಗುಡಿಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ಬಂದ ಮೇಲಿನ ಒದ್ದೆ ಬಟ್ಟೆಗಳೂ ಅಲ್ಲಿಗೇ. ಗುಹೆ ತೆರೆದಿದೆಯಾ ಕೇಳಿಕೊಂಡು ಹೋಗಿ.

ಆದರೆ ಸಂಜೆ ಅಷ್ಟೂರಿಗೆ ಹೋಗುವಾಗ ನಾನೇ ಕನ್ವರ್ಟಿಬಲ್ ಕೀಲಿ ಕೇಳಿದೆ. ಊರಿಂದ ನಾಲ್ಕೈದು ಕಿ.ಮೀ. ಕೂಡ ಇಲ್ಲ, ನಿಧಾನಕ್ಕೆ ಹೋದೆವು. ತಲೆಯೆತ್ತಿದರೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು, ಹಿಂದೆ ಕೆಂಪು ಆಕಾಶ. ಕಿಟಕಿಯ ಚೌಕಟ್ಟಿನೊಳಗಿಂದ ಇದು ಹೀಗೆ ಕಾಣುವುದಿಲ್ಲ. ಸಿಡಿಲು ಬಡಿದು ಅರ್ಧ ಬಿದ್ದ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಮುಂದೆ ನಿಂತಾಗ ಮಾಮಾ, "ಇದಕ್ಕೂ ಟಾಪ್ ತೆಗದಾರ ನೋಡಪ್ಪ" ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು.

ನಮ್ಮ ಕಡೆ ಬಿಸಿಲಲ್ಲಿ ಟಾಪ್ ತೆಗೆದು ಓಡಿಸಲು ಸಿಗುವುದು ದಿನಕ್ಕೆ ಎರಡು ಮೂರು ಗಂಟೆ ಅಷ್ಟೇ. ಇಬ್ಬರೇ ಇದ್ದು, ಅಕ್ಟೋಬರ್‌ನಿಂದ ಜನವರಿಯೊಳಗೆ ಹೋಗುವುದಾದರೆ ಕನ್ವರ್ಟಿಬಲ್ ಒಯ್ಯಿರಿ. ಹಿರಿಯರು, ಮಕ್ಕಳು ಇದ್ದರೆ ವ್ಯಾಗನ್ ಥರದ್ದೇ ಬೇಕು.

ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಅಕ್ಕನಿಗೆ ಅಂತ ಅವ್ವ ಕಟ್ಟಿಟ್ಟಿದ್ದ ಹತ್ತು ಕಿಲೋ ತೊಗರಿಬೇಳೆ ಮಾತ್ರ ಅವರ ಗಾಡಿಯಲ್ಲಿ ಹಿಡಿಸಲಿಲ್ಲ. ಇನ್ನೂ ನಮ್ಮ ಡಿಕ್ಕಿಯಲ್ಲೇ ಇದೆ.