ಆರು ಮೋದಕ, ಒಂದು ಕಿಲೋ ಇನ್ನೂರು ಗ್ರಾಂ

ಡೊಂಬಿವಲಿ, 28 ಆಗಸ್ಟ್ 2025, ಗುರುವಾರ ರಾತ್ರಿ

ಒಂದೂವರೆ ದಿನದ ಗಣಪತಿಗಳೆಲ್ಲ ಹೋದವು. ಎದುರುಮನೆ ವೈನಿ ವಿಸರ್ಜನೆ ಮುಗಿಸಿ ಒದ್ದೆ ಮಣೆ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಮುಖ ಸಣ್ಣದಾಗಿತ್ತು. ಗಣಪತಿ ಹೋದ ಬೇಜಾರು ಅಂದುಕೊಂಡರೆ, ಅಲ್ಲ.

"ಒಂದ ಕಿಲೋ ಇನ್ನೂರ ಗ್ರಾಂ ಏರೇದ ನೋಡ್ರಿ. ಒಂದ ರಾತ್ರ್ಯಾಗ! ಮೂರ ತಿಂಗಳ ನಡದದ್ದೆಲ್ಲಾ ನೀರಾಗ ಹೋತು."

"ಎಷ್ಟ ತಿಂದ್ರಿ ವೈನಿ?"

"ಸಂಜೀಕ ತಿನ್ನೂದದ ಅಂತ ಮುಂಜಾನಿಂದ ಏನೂ ತಿಂದಿದ್ದಿಲ್ಲ. ಆರು."

ನೀರಾಗ ಹೋಗಿಲ್ಲ ವೈನಿ, ನೀರೇ ಬಂದದ್ದು.

ಲಿಫ್ಟ್ ನಾಲ್ಕನೇ ಮಜಲಿಗೆ ಬರುವಷ್ಟರಲ್ಲಿ ಇದನ್ನೆಲ್ಲ ಹೇಳಿ ಮುಗಿಸಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ, ಅವರೂ ಓದುತ್ತಾರೆ. ಅಂಬೆಮೋಹರ ಅಕ್ಕಿಹಿಟ್ಟು 140 ಗ್ರಾಂ, ಹಸಿ ಕಾಯಿತುರಿ 150, ಬೆಲ್ಲ 100, ಹೂರಣಕ್ಕೂ ಹಿಟ್ಟಿಗೂ ಸೇರಿ ತುಪ್ಪ ಎರಡು ಚಮಚ. ಇಷ್ಟರಲ್ಲಿ ಹನ್ನೊಂದು ಮೋದಕ ಆಗುತ್ತವೆ, ಒಂದಕ್ಕೆ ಹೆಚ್ಚುಕಡಿಮೆ 140 ಕ್ಯಾಲರಿ. ತುದಿ ಮುರಿದು ಮೇಲೆ ಬಿಡುವ ತುಪ್ಪ ಚಮಚಕ್ಕೆ 45. ಆರಕ್ಕೆ 1,100 ಚಿಲ್ಲರೆ. ಮೈಗೆ ಒಂದು ಕಿಲೋ ಕೊಬ್ಬು ಹತ್ತಬೇಕಾದರೆ ದಿನದ ಖರ್ಚು ಕಳೆದು ಸುಮಾರು 7,700 ಕ್ಯಾಲರಿ ಮಿಗಬೇಕು. ಒಂದು ಕಿಲೋ ಇನ್ನೂರಕ್ಕೆ 9,000 ದಾಟುತ್ತದೆ. ಅಂದರೆ ದಿನದ ಊಟ ಮುಗಿಸಿ, ಅದರ ಮೇಲೆ ಐವತ್ತು ಮೋದಕ.

ಹಾಗಾದರೆ ತೂಕದ ಕಾಟಾ ಸುಳ್ಳು ಹೇಳಿತೇ? ಇಲ್ಲ. ಡಯಟ್ ಹಿಡಿದು ಅನ್ನ-ಚಪಾತಿ ಕಡಿಮೆ ಮಾಡಿದವರ ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜೆನ್, ಅಂದರೆ ಮೈ ಕೂಡಿಟ್ಟ ಸಕ್ಕರೆ, ಅರ್ಧಂಬರ್ಧ ಇರುತ್ತದೆ. ಅಕ್ಕಿ, ಬೆಲ್ಲ ಒಳಗೆ ಬಿದ್ದ ಕೂಡಲೇ ಅದು ತುಂಬಿಕೊಳ್ಳುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಚಕ್ಕುಲಿಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ರಾತ್ರಿ ಉಂಡದ್ದು ಬೆಳಗ್ಗೆ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ, ಅದಕ್ಕೂ ತೂಕವಿದೆ. ಎಂದಿನ ಊಟಕ್ಕೆ ಮರಳಿದರೆ ಮೂರು-ನಾಲ್ಕು ದಿನದಲ್ಲಿ ಇದೆಲ್ಲ ಇಳಿಯುತ್ತದೆ. ಹಬ್ಬದ ಮರುದಿನ ಕಾಟಾ ಹತ್ತಬಾರದು. ಹತ್ತಿ, ಹೆದರಿ, "ಎಲ್ಲಾ ಕೆಟ್ಟು ಹೋತು, ಇನ್ನೇನು" ಅಂತ ಡಬ್ಬಿ ತೆಗೆಯುತ್ತಾರಲ್ಲ, ಕೊಬ್ಬು ಸೇರುವುದು ಆಮೇಲೆ.

ಬೆಳಗ್ಗಿನ ಉಪವಾಸ ಇನ್ನೊಂದು ತಪ್ಪು. ವ್ರತದ ಉಪವಾಸದ ಮಾತಲ್ಲ, ಮೋದಕಕ್ಕೆ ಜಾಗ ಮಾಡಲು ಹಿಡಿದ ಉಪವಾಸದ್ದು. ಹಸಿದ ಹೊಟ್ಟೆಗೆ ಆರು ಲೆಕ್ಕಕ್ಕೇ ಬರುವುದಿಲ್ಲ. ಮಧ್ಯಾಹ್ನವೇ, ಕೋಸಂಬರಿ, ಪಲ್ಯ, ಸ್ವಲ್ಪ ಗಟ್ಟಿ ತೊವ್ವೆ ಉಂಡು, ಅನ್ನದ ಜಾಗಕ್ಕೆ ಎರಡು ಬಿಸಿ ಮೋದಕ ಹಾಕಿಕೊಳ್ಳಬೇಕು. ಮೋದಕದ ಹೊರಗಿನ ಕಣಕ ಅಕ್ಕಿಯದೇ ತಾನೆ? ಒಂದು ಬಟ್ಟಲು ಅನ್ನ, 150 ಗ್ರಾಂ, ಸುಮಾರು 195 ಕ್ಯಾಲರಿ. ಎರಡು ಮೋದಕ ಒಂದೂವರೆ ಬಟ್ಟಲು ಅನ್ನಕ್ಕೆ ಸಮ. ಅನ್ನವನ್ನೂ ಉಂಡು ಮೋದಕವನ್ನೂ ತಿಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಮಳೆ ಜೋರಾಯಿತು. ಮಂಟಪದ ಧೋಲ್ ನಿಂತಿದೆ, ಪುಣ್ಯ.

ವೈನಿಯ ಎರಡನೇ ಪ್ರಶ್ನೆ ಸೋಮವಾರದ ಗೌರಿ ಪೂಜೆಯ ಹೋಳಿಗೆಯದು. "ಬೆಲ್ಲ ಕಾಲಭಾಗ ತಗದಬಿಡ್ಲೇನ್ರಿ?" ಬೇಡ. ಕಡಲೆಬೇಳೆ 200 ಗ್ರಾಂ, ಬೆಲ್ಲ 200, ಕಣಕಕ್ಕೆ ಹಿಟ್ಟು 170, ಎಣ್ಣೆ ಮೂರು ಚಮಚ. 40 ಗ್ರಾಂ ಹೂರಣ, 20 ಗ್ರಾಂ ಕಣಕದ ಉಂಡೆ ಮಾಡಿದರೆ ಹದಿನಾಲ್ಕು ಹೋಳಿಗೆ, ಒಂದಕ್ಕೆ ಸುಮಾರು 160 ಕ್ಯಾಲರಿ. ಬೆಲ್ಲ 150ಕ್ಕೆ ಇಳಿಸಿದರೆ ಒಂದು ಹೋಳಿಗೆಯಲ್ಲಿ ಉಳಿಯುವುದು ಬರೀ ಹದಿನಾಲ್ಕು ಕ್ಯಾಲರಿ. ಅದಕ್ಕಾಗಿ ಹೂರಣ ಒಣಗಿ, ಪುಡಿಪುಡಿಯಾಗಿ, ಲಟ್ಟಿಸುವಾಗ ಕಣಕ ಹರಿಯುತ್ತದೆ. ಹರಿದದ್ದು ಕಾವಲಿಗೆ ಹತ್ತಿದಾಗ ಕೈ ತಾನೇ ಎಣ್ಣೆ ಸುರಿಯುತ್ತದೆ. ಹದಿನಾಲ್ಕು ಉಳಿಸಲು ಹೋಗಿ ನಲವತ್ತೈದು ಕಳೆದಂತೆ. ಉಳಿಸಬೇಕಾದದ್ದು ಮೇಲಿನ ತುಪ್ಪದಲ್ಲಿ: ಬಡಿಸುವ ಸೌಟು ಒಳಗಿಟ್ಟು, ಚಹಾ ಚಮಚದಲ್ಲಿ ಒಂದೇ ಒಂದು. ತುಪ್ಪವೇ ಇಲ್ಲದ ಹೋಳಿಗೆಯನ್ನು ಯಾರಿಗೂ ಹೇಳಲು ನನಗೆ ಬಾಯಿ ಬಾರದು.

ಬೇಳೆ ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಆಕಾರ ಬಿಟ್ಟಿರಬಾರದು. ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚಾದರೂ ಕರಗಿ ನೀರು ಕುಡಿಯುತ್ತದೆ, ಆಮೇಲೆ ಹೂರಣ ಗಟ್ಟಿಯಾಗಲು ಬಹಳ ಹೊತ್ತು ಕಾಯಿಸಬೇಕು. ಕಟ್ಟು ಪೂರ್ತಿ ಬಸಿದು ಸಾರಿಗೆ ಎತ್ತಿಡಿ. ಕಟ್ಟಿನ ಸಾರು ಹೋಳಿಗೆಗಿಂತ ಮೊದಲು ಒಂದು ಬಟ್ಟಲು ಕುಡಿದರೆ ಮೂರನೇ ಹೋಳಿಗೆಗೆ ಕೈ ಹೋಗುವುದಿಲ್ಲ. ಬೆಲ್ಲ ಹಾಕಿ ಕುದಿಸುವಾಗ ನಡುವೆ ಸೌಟು ನೆಟ್ಟಗೆ ನಿಲ್ಲುವವರೆಗೆ ಒಲೆಯಿಂದ ಇಳಿಸಬಾರದು. ಕಣಕ ಎರಡು ತಾಸು ನೆನೆಯಲಿ, ಆಗ ಕಡಿಮೆ ಎಣ್ಣೆಯಲ್ಲೂ ಎಳೆದಷ್ಟು ಬರುತ್ತದೆ. ಗೋಧಿಹಿಟ್ಟಿನದು ಮಾಡಿದರೆ ನಾರು ಹೆಚ್ಚು, ಒಳ್ಳೆಯದೇ, ಆದರೆ ಕ್ಯಾಲರಿ ಮೈದಾದಷ್ಟೇ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ ಅನ್ನುವ ಸಮಾಧಾನವೂ ಹಾಗೆಯೇ, 100 ಗ್ರಾಂಗೆ ಸಕ್ಕರೆ 400ರ ಹತ್ತಿರ, ಬೆಲ್ಲ 380ರ ಹತ್ತಿರ.

ಅಂಗಡಿಯ ಶುಗರ್ ಫ್ರೀ ಪೇಢೆಯ ಬಗ್ಗೆ ಸಿಟ್ಟಿದೆ. ಸಕ್ಕರೆ ಇಲ್ಲದಿದ್ದರೂ ಖವಾದ ಕೊಬ್ಬು ಎಲ್ಲೂ ಹೋಗಿಲ್ಲ. ಸಿಹಿಗೆ ಸಕ್ಕರೆಯ ಬದಲು ಮಾಲ್ಟಿಟಾಲ್ ಹಾಕಿದ್ದರೆ ಅದಕ್ಕೂ ಸಕ್ಕರೆಯ ಅರ್ಧದಷ್ಟು ಕ್ಯಾಲರಿ ಇದೆ, ಹೆಚ್ಚು ತಿಂದರೆ ಹೊಟ್ಟೆ ಬೇರೆ ಕೆಡಬಹುದು. ಖರ್ಜೂರ-ಗೋಡಂಬಿ ಉಂಡೆ "ಸಕ್ಕರೆ ಹಾಕಿಲ್ಲ" ಅನ್ನುವ ಹೆಸರಿನಲ್ಲಿ ಮೂರು ಹೋಗುತ್ತದೆ, ಬೇಸನ್ ಲಾಡು ಒಂದಕ್ಕೇ ನಿಲ್ಲುತ್ತದೆ. (ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಇದಲ್ಲ, ಅವರು ಡಾಕ್ಟರ ಮಾತು ಕೇಳಲಿ.)

ಇನ್ನು ಮನೆಮನೆಯ ದರ್ಶನ. ಅನಂತ ಚತುರ್ದಶಿ ಸೆಪ್ಟೆಂಬರ್ 6ಕ್ಕೆ, ಅಲ್ಲಿವರೆಗೆ ಹೋದಲ್ಲೆಲ್ಲ ಕೈಗೆ ಒಂದು ಪೇಢೆ. 20 ಗ್ರಾಂ ಪೇಢೆಗೆ 80 ಕ್ಯಾಲರಿ, ಸಂಜೆಗೆ ಐದು ಮನೆಯಾದರೆ ನಿನ್ನೆಯ ಎರಡು ಮೋದಕವನ್ನೂ ದಾಟಿತು, ಮತ್ತು ಇದನ್ನು ಯಾರೂ ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಸಾದ ಬೇಡ ಅನ್ನಲಾಗದು. ಚೂರು ಮುರಿದು ಬಾಯಿಗೆ ಹಾಕಿ, ಉಳಿದದ್ದು ಸಣ್ಣ ಡಬ್ಬಿಗೆ. ಖಿರಾಪತ್ (ಒಣಕೊಬ್ಬರಿ-ಸಕ್ಕರೆಯ ಪ್ರಸಾದ) ಕೊಟ್ಟರೆ ಒಂದು ಚಿಟಿಕೆ ಸಾಕು.

ಬೆಲ್ ಆಯಿತು. ವೈನಿಯ ಮಗಳು, ನಿನ್ನೆ ಮೋದಕ ಕೊಟ್ಟು ಕಳಿಸಿದ್ದ ನಮ್ಮ ಡಬ್ಬಿ ವಾಪಸ್ ತಂದಿದ್ದಾಳೆ. "ಅವ್ವ ಖಾಲಿ ಕೊಡಬಾರದು ಅಂದ್ಲು." ಒಳಗೆ ನಾಲ್ಕು ಬೇಸನ್ ಲಾಡು, ಒಂದಕ್ಕೆ 145. ಅರ್ಧಕ್ಕೆ ಮುರಿಯೋಣವೆಂದರೆ ತುಪ್ಪ ಕಡಿಮೆ ಹಾಕಿದ್ದಾರೆ, ಮುಟ್ಟಿದರೆ ಪುಡಿ, ಹಾಗಾಗಿ