ಮ್ಯಾಜಿಕ್ ಕಾರ್ಡಲ್ಲಿರೋ ಆ ಎಕ್ಸ್ ಎಷ್ಟು?

ಅಕ್ಕನ ಮಗ ಬೇಸಿಗೆ ರಜಕ್ಕೆ ಬಂದಾಗಿಂದ ಅವನಿಗೆ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡಾಟದ ಹುಚ್ಚು ಹಿಡಿದಿದೆ, ನನ್ನ ಹಳೇ ಕಾರ್ಡಿನ ಡಬ್ಬಿ ಪೂರ್ತಿ ನೆಲಕ್ಕೆ ಸುರ್ಕೊಂಡು ಬೆಳಗ್ಗೆಯಿಂದ ಅಲ್ಲೇ ಕೂತಿರ್ತಾನೆ. ಮೊನ್ನೆ ಫೈರ್‌ಬಾಲ್ ಅನ್ನೋ ಕಾರ್ಡ್ ಹಿಡ್ಕೊಂಡು ಬಂದ. "ಮಾಮ, ಇದ್ರ ಮೂಲೇಲಿ ನಂಬರ್ ಇರ್ಬೇಕಾದ ಕಡೆ ಎಕ್ಸ್ ಅಂತಿದೆ, ಇದಕ್ಕೆ ಎಷ್ಟು ಮನಾ ಕೊಡ್ಬೇಕು?" (ಮನಾ ಅಂದ್ರೆ ಕಾರ್ಡ್ ಹಾಕೋಕೆ ಕೊಡೋ ಬೆಲೆ, ಸಾಮಾನ್ಯವಾಗಿ ಒಂದೊಂದು ಲ್ಯಾಂಡ್ ಕಾರ್ಡಿಂದ ಒಂದೊಂದು ಬರತ್ತೆ.) ನೀನು ಎಷ್ಟು ಹೇಳ್ತೀಯೋ ಅಷ್ಟು ಅಂದೆ. ಅವನಿಗೆ ಸಮಾಧಾನ ಆಗ್ಲಿಲ್ಲ, ನನಗೂ ಆ ಉತ್ತರ ಸಾಕು ಅನ್ನಿಸ್ಲಿಲ್ಲ, ಯಾಕಂದ್ರೆ ಈ ಎಕ್ಸ್ ಸರಿಯಾಗಿ ಅರ್ಥ ಆಗದೆ ಗೆಲ್ಲೋ ಆಟ ಸೋತೋರನ್ನ ತುಂಬಾ ನೋಡಿದೀನಿ.

ಪೆಟ್ರೋಲ್ ಬಂಕ್ ನೆನಪು ಮಾಡ್ಕೊಳ್ಳಿ. ಗಾಡಿ ನಿಲ್ಸಿ 200 ರೂಪಾಯಿಗೆ ಹಾಕಿ ಅಂತೀವಿ, ಮೊದ್ಲು ಮೊತ್ತ ಹೇಳೋದು, ಆಮೇಲೇ ಪೈಪ್ ಹಿಡಿಯೋದು. ಎಕ್ಸ್ ಕೂಡ ಹಾಗೇ. ಆಟದ ನಿಯಮದಲ್ಲಿ ಕ್ರಮ ಗಟ್ಟಿಯಾಗಿದೆ: ಮೊದ್ಲು ಎಕ್ಸ್ ಎಷ್ಟು ಅಂತ ಹೇಳ್ಬೇಕು, ಆಮೇಲೆ ಟಾರ್ಗೆಟ್ ತೋರಿಸ್ಬೇಕು, ಆಮೇಲೆ ಒಟ್ಟು ಖರ್ಚಿನ ಲೆಕ್ಕ, ಕೊನೇಲಿ ಮನಾ ಕೊಡೋದು. ಅರೀನಾದಲ್ಲಿ, ಅಂದ್ರೆ ಇದೇ ಆಟದ ಕಂಪ್ಯೂಟರ್ ರೂಪದಲ್ಲಿ, ಆಡೋರಿಗೆ ಸಾಫ್ಟ್‌ವೇರೇ ಕೇಳತ್ತೆ, ಆದ್ರೆ ಟೇಬಲ್ ಮೇಲೆ ಕೂತು ಆಡುವಾಗ ಬಾಯಿಬಿಟ್ಟು ಹೇಳ್ಬೇಕು, ಎದುರಿನವನು ಕೌಂಟರ್‌ಸ್ಪೆಲ್ (ನಾವು ಹಾಕಿದ್ದನ್ನ ರದ್ದು ಮಾಡೋ ಕಾರ್ಡು) ತೆಗೆದ ಮೇಲೆ "ಅಯ್ಯೋ ಹಾಗಾದ್ರೆ ಎಕ್ಸ್ ಎರಡೇ ಇರ್ಲಿ" ಅನ್ನೋಕಾಗಲ್ಲ, ಸ್ಪೆಲ್, ಅಂದ್ರೆ ನಾವು ಹಾಕಿದ ಕಾರ್ಡು, ಹೋದ್ರೆ ಅದಕ್ಕೆ ಸುರಿದ ಅಷ್ಟೂ ಮನಾ ಹೋಯ್ತು.

ಫೈರ್‌ಬಾಲ್ ತುಂಬಾ ಹಳೇ ಕಾರ್ಡು, ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಈ ಆಟ ತಂದಾಗ ಮೊದಲ ಸೆಟ್ಟಲ್ಲೇ ಇತ್ತು. ಬೆಲೆ ಎಕ್ಸ್ ಜೊತೆ ಒಂದು ಕೆಂಪು ಮನಾ. ಎಕ್ಸ್ ಎಷ್ಟೋ ಅಷ್ಟು ಡ್ಯಾಮೇಜ್, ಎಷ್ಟು ಟಾರ್ಗೆಟ್ ಬೇಕಾದ್ರೂ ತಗೋಬಹುದು, ಆದ್ರೆ ಮೊದಲ್ನೇದು ಬಿಟ್ಟು ಪ್ರತಿ ಟಾರ್ಗೆಟ್‌ಗೂ ಒಂದೊಂದು ಮನಾ ಜಾಸ್ತಿ, ಡ್ಯಾಮೇಜ್ ಸಮವಾಗಿ ಹಂಚಿ ಮಿಕ್ಕಿದ್ದು ಬಿಟ್ಟುಹೋಗತ್ತೆ. ಅವನ ಮುಂದೆ ಏಳು ಲ್ಯಾಂಡ್ ಜೋಡಿಸಿ ತೋರಿಸ್ದೆ. ಒಂದೇ ಟಾರ್ಗೆಟ್ ಆದ್ರೆ ಎಕ್ಸ್ 6, ಆರೂ ಅದಕ್ಕೇ ಬೀಳತ್ತೆ. ಎರಡು ಟಾರ್ಗೆಟ್ ಅಂದ್ರೆ ಎಕ್ಸ್ 5ಕ್ಕೆ ಇಳೀತು, ತಲಾ ಎರಡು, ಒಂದು ದಂಡ. ಮೂರು ಟಾರ್ಗೆಟ್ ಅಂದ್ರೆ ಎಕ್ಸ್ 4, ತಲಾ ಒಂದೇ. ಹುಡುಗ ಲ್ಯಾಂಡ್ ಅತ್ಲಾಗಿತ್ಲಾಗೆ ಸರಿಸಿ ಮೂರು ಸಲ ಎಣಿಸಿದ, ಏಳು ಮನಾಗೆ ಬರೀ ಮೂರು ಡ್ಯಾಮೇಜಾ ಅಂದ. ಹೌದಪ್ಪ, ಅಷ್ಟೇ. ಆದ್ರೆ ಹಂಚೋದು ಸ್ಪೆಲ್ ಕೆಲಸ ಮಾಡೋ ಹೊತ್ತಿಗೆ, ಹೇಳೋ ಹೊತ್ತಿಗಲ್ಲ, ಹಾಗಾಗಿ ಎರಡು ಟಾರ್ಗೆಟಲ್ಲಿ ಒಂದು ಅಷ್ಟರಲ್ಲಿ ಸತ್ತುಹೋದ್ರೆ ಉಳಿದಿದ್ದಕ್ಕೆ ಐದೂ ಬೀಳತ್ತೆ, ಇದು ನನಗೆ ಬಹಳ ಇಷ್ಟವಾದ ವಿಷಯ.

ಈಗ ನಿಜವಾಗ್ಲೂ ತಲೆ ಕೆಡಿಸೋ ಭಾಗ. ನಾವು ಹೇಳಿದ ಎಕ್ಸ್ ಕಾರ್ಡಿನ ಬೆಲೆಯಲ್ಲಿ ನಿಲ್ಲೋದು ಸ್ಪೆಲ್ ಸ್ಟ್ಯಾಕ್ ಮೇಲಿರೋವರೆಗೆ ಮಾತ್ರ, ಅಂದ್ರೆ ಹಾಕಿ ಆಗಿದೆ ಆದ್ರೆ ಇನ್ನೂ ಕೆಲಸ ಮಾಡಿಲ್ಲ ಅನ್ನೋ ಹೊತ್ತಲ್ಲಿ. ಕೈಯಲ್ಲಿದ್ರೆ, ಡೆಕ್ಕಲ್ಲಿದ್ರೆ, ಬಳಸಿ ಮುಗಿದ ಕಾರ್ಡು ಸೇರೋ ಗ್ರೇವ್‌ಯಾರ್ಡಲ್ಲಿದ್ರೆ, ಕೊನೆಗೆ ಟೇಬಲ್ ಮೇಲೆ ಬಂದು ಕೂತ ಮೇಲೂ ಮನಾ ವ್ಯಾಲ್ಯೂ (ಕಾರ್ಡಿನ ಒಟ್ಟು ಬೆಲೆ) ಲೆಕ್ಕದಲ್ಲಿ ಆ ಎಕ್ಸ್ ಸೊನ್ನೆ. (2021ಕ್ಕೆ ಮುಂಚೆ ಮನಾ ವ್ಯಾಲ್ಯೂನ ಕನ್ವರ್ಟೆಡ್ ಮನಾ ಕಾಸ್ಟ್ ಅಂತಿದ್ರು, ಹಳೇ ಆಟಗಾರರ ಬಾಯಲ್ಲಿ ಈಗ್ಲೂ ಅದೇ ಬರತ್ತೆ.)

ವಾಕಿಂಗ್ ಬಲಿಸ್ಟಾ ತಗೊಳ್ಳಿ, 2017ರ ಈಥರ್ ರಿವೋಲ್ಟ್ ಸೆಟ್ಟಿಂದು. ಬೆಲೆ ಎಕ್ಸ್ ಎಕ್ಸ್, ಅಂದ್ರೆ ಹೇಳಿದ್ದರ ಎರಡರಷ್ಟು ಕೊಡ್ಬೇಕು. ನಾಲ್ಕು ಲ್ಯಾಂಡಿದ್ರೆ ಎಕ್ಸ್ 2, ಐದಿದ್ರೂ ಎರಡೇ. ಬರೋದು 0/0 ಕ್ರೀಚರ್ (ಕಾದಾಡೋ ಪ್ರಾಣಿ, ಹೊಡೆಯೋ ಬಲ ಸೊನ್ನೆ, ತಾಳೋ ಬಲ ಸೊನ್ನೆ; ತಾಳೋ ಬಲ ಸೊನ್ನೆಯಾಗೇ ಉಳಿದ್ರೆ ಸಾಯತ್ತೆ), ಎಕ್ಸ್ ಎಷ್ಟೋ ಅಷ್ಟು ಪ್ಲಸ್ ಒನ್ ಕೌಂಟರ್ (ಎರಡೂ ಬಲ ಒಂದೊಂದು ಏರಿಸೋ ಗುರುತು) ಹೊತ್ಕೊಂಡು ಬರತ್ತೆ, ಒಂದೊಂದು ಕೌಂಟರ್ ತೆಗೆದು ಒಂದೊಂದು ಡ್ಯಾಮೇಜ್ ಹೊಡೀಬಹುದು. ಎಕ್ಸ್ 2 ಅಂತ ಹಾಕ್ದಾಗ ಸ್ಟ್ಯಾಕ್ ಮೇಲೆ ಅದರ ಮನಾ ವ್ಯಾಲ್ಯೂ 4, ಟೇಬಲ್‌ಗೆ ಇಳಿದ ತಕ್ಷಣ 0. ಹತ್ತು ಕೌಂಟರ್ ಹೊತ್ತು ನಿಂತಿರೋ ಬಲಿಸ್ಟಾನೂ ಸೊನ್ನೆಯೇ, ಅದಕ್ಕೇ ಎರಡೋ ಅದಕ್ಕಿಂತ ಕಮ್ಮಿನೋ ಬೆಲೆಯ ಕ್ರೀಚರ್ ಹೊಡೆಯೋ ಫೇಟಲ್ ಪುಶ್‌ಗೆ ಅಷ್ಟು ದೊಡ್ಡದೂ ಸಿಕ್ಕಿಬೀಳತ್ತೆ.

ಇದು ನನಗೆ ಗೊತ್ತಾಗಿದ್ದು ಒಂದು ರಾತ್ರಿ ಗೆಳೆಯನ ಮನೇಲಿ. ಅವನ ಹತ್ರ 4/4 ಬಲಿಸ್ಟಾ, ನನ್ನ ಕೈಲಿ ಇನ್ನೊಂದು ಕ್ರೀಚರನ್ನ ಕಾಪಿ ಮಾಡೋ ಕ್ಲೋನ್, ನಾಲ್ಕೇ ಮನಾಗೆ ನನಗೂ ಒಂದು ಅಂತ ಖುಷಿಯಲ್ಲಿ ಹಾಕ್ದೆ. ಬಂತು, ಒಂದು ಕೌಂಟರೂ ಇಲ್ದೆ 0/0 ಆಗಿ ಬಂದು ಅಲ್ಲೇ ಸತ್ತೋಯ್ತು. ನಾನು ಕಾಪಿ ಮಾಡಿದ್ದು ಟೇಬಲ್ ಮೇಲಿರೋದನ್ನ, ಅದಕ್ಕೆ ನಾನ್ಯಾವತ್ತೂ ಎಕ್ಸ್ ಹೇಳಿರ್ಲೇ ಇಲ್ವಲ್ಲ. ಅದೇ ಸ್ಟ್ಯಾಕ್ ಮೇಲಿರೋ ಫೈರ್‌ಬಾಲನ್ನ ಫೋರ್ಕ್ ಹಾಕಿ ಕಾಪಿ ಮಾಡಿದ್ರೆ ಎಕ್ಸ್ ಕೂಡ ಜೊತೆಗೇ ಬರತ್ತೆ, ಆರಕ್ಕೆ ಆರೇ. ಬೆಲೆ ಕೊಡದೆ ಪುಕ್ಕಟೆ ಹಾಕೋ ಕ್ಯಾಸ್ಕೇಡ್ ತರದ ದಾರೀಲಿ ಬಂದ್ರೂ ಎಕ್ಸ್ ಸೊನ್ನೆ, ಬೇರೆ ಆಯ್ಕೆಯೇ ಇಲ್ಲ. ರಿಯಾಯಿತಿ ಬೇರೆ ವಿಷಯ, ಗಾಬ್ಲಿನ್ ಎಲೆಕ್ಟ್ರೋಮ್ಯಾನ್ಸರ್ ಪಕ್ಕದಲ್ಲಿದ್ರೆ ಎಕ್ಸ್ 6ರ ಫೈರ್‌ಬಾಲ್‌ಗೆ ಏಳರ ಬದ್ಲು ಆರೇ ಮನಾ ಸಾಕು, ಎಕ್ಸ್ ಮಾತ್ರ ಕಮ್ಮಿ ಆಗಲ್ಲ.

ಕೌಂಟರ್‌ಸ್ಪೆಲ್ ಭಯ ಇರೋರಿಗೆ ಹೈಡ್ರಾಯ್ಡ್ ಕ್ರಾಸಿಸ್ ತೋರಿಸ್ತೀನಿ, 2019ರದ್ದು. ಎಕ್ಸ್ ಜೊತೆ ಒಂದು ಹಸಿರು ಒಂದು ನೀಲಿ. ಎಕ್ಸ್‌ನ ಅರ್ಧದಷ್ಟು ಲೈಫು, ಅರ್ಧದಷ್ಟು ಕಾರ್ಡು, ಅದೂ ಕಾರ್ಡ್ ಹಾಕಿದ ಗಳಿಗೇಲೇ, ಹಾಗಾಗಿ ಎದುರಿನವನು ಕ್ರೀಚರ್ ತಡೆದ್ರೂ ಕಾರ್ಡಂತೂ ನಮ್ಮ ಕೈಗೆ ಬಂದಾಗಿರತ್ತೆ. ಅರ್ಧ ಮಾಡುವಾಗ ಕೆಳಗಿನ ಸಂಖ್ಯೆಗೆ ಇಳಿಸ್ತಾರೆ, ಎಕ್ಸ್ 5 ಆದ್ರೂ ಎರಡೇ ಕಾರ್ಡು 4 ಆದ್ರೂ ಎರಡೇ. ಏಳು ಲ್ಯಾಂಡಿದ್ದಾಗ ಇನ್ನೊಂದು ಟರ್ನ್ ಕಾದು ಎಂಟಕ್ಕೆ ಹಾಕಿದ್ರೆ ಎಕ್ಸ್ 6, ಮೂರು ಕಾರ್ಡು. ಒದೆ ಬೀಳ್ತಿರುವಾಗ ಕಾಯೋದು ಬೇಡ, ಇಲ್ಲಾಂದ್ರೆ ನಾನಂತೂ ಕಾಯ್ತೀನಿ.

ನಿನ್ನೆ ಸಂಜೆ ಹುಡುಗನ ಹತ್ರ ಆರು ಲ್ಯಾಂಡಿತ್ತು, ನನ್ನ ಲೈಫ್ ಮೂರು. ಬಲಿಸ್ಟಾ ಮುಂದಿಟ್ಟು, ಲ್ಯಾಂಡ್ ಇನ್ನೂ ಮುಟ್ಟೇ ಇಲ್ಲ, "ಎಕ್ಸ್ ಮೂರು" ಅಂದ.